ವರ್ಷದ ಗುರಿ, ಶ್ರಾವಣದ ಪುರಾಣ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಓದಿದ ಪುಸ್ತಕಗಳ ಪಟ್ಟಿಗಳು ಹೊರಬೀಳುತ್ತವೆ. ಹೋದ ವರ್ಷ 40, ಈ ವರ್ಷ 52, ಬರುವ ವರ್ಷಕ್ಕೆ 60 ಎಂಬ ಸಂಕಲ್ಪ. ಗುಡ್‌ರೀಡ್ಸ್ 2011ರಲ್ಲಿ ಆರಂಭಿಸಿದ ವಾರ್ಷಿಕ ಸವಾಲು ಈ ರೂಢಿಗೆ ಒಂದು ಅಚ್ಚು ಹಾಕಿಕೊಟ್ಟಿತು. ಕನ್ನಡದ ಓದುಗರೂ ಈಗ ಅದೇ ಅಚ್ಚಿನಲ್ಲಿ ತಮ್ಮ ವರ್ಷವನ್ನು ಅಳೆದುಕೊಳ್ಳುತ್ತಿದ್ದಾರೆ. ಅಭ್ಯಾಸ ಉಳಿಯಬೇಕಾದರೆ ವರ್ಷಕ್ಕೊಂದು ಗುರಿ ಇರಲೇಬೇಕು ಎಂಬುದನ್ನು ಮೇಷ್ಟ್ರುಗಳು, ಭಾಷಣಕಾರರು, ಪುಸ್ತಕ ಮಾರುವವರು ಎಲ್ಲರೂ ಒಪ್ಪಿಕೊಂಡಂತಿದೆ. ನಾನು ಒಪ್ಪುವುದಿಲ್ಲ. ಈ ಪದ್ಧತಿಗೆ ಅದರ ಯೋಗ್ಯತೆಗಿಂತ ದೊಡ್ಡ ಹೆಸರು ಸಿಕ್ಕಿದೆ. ಇದಕ್ಕಿಂತ ಗಟ್ಟಿಯಾದ ಓದಿನ ಕ್ರಮವೊಂದು ಬಳ್ಳಾರಿ ಸೀಮೆಯ ಕುರುಗೋಡು, ಸಿರುಗುಪ್ಪದ ಕಡೆ ಶ್ರಾವಣದ ರಾತ್ರಿಗಳಲ್ಲಿ ನಡೆದುಕೊಂಡು ಬಂದಿದೆ. ಅದನ್ನು ಓದು ಎಂದು ಕರೆಯಲು ನಮ್ಮ ವಿಮರ್ಶಕರಿಗೆ ಸಂಕೋಚ.

ಗುರಿ ಇಟ್ಟುಕೊಂಡವರು ಎಣಿಸುವುದು ಮುಗಿಸಿದ ಪುಸ್ತಕವನ್ನು. ಎಲ್ಲ ತೊಡಕೂ ಇಲ್ಲಿಂದಲೇ. ಕೊಟ್ಟೂರಿನ ಕುಂ. ವೀರಭದ್ರಪ್ಪನವರ 'ಅರಮನೆ' ಕಾದಂಬರಿಯೂ ಒಂದು, ಅರ್ಧ ಗಂಟೆಯಲ್ಲಿ ಮಗುಚಿ ಹಾಕಬಹುದಾದ ಹನಿಗವನಗಳ ಸಂಕಲನವೂ ಒಂದು. 1800ರಲ್ಲಿ ನಿಜಾಮನ ಕೈಯಿಂದ ಕಂಪನಿಯ ಕೈಗೆ ಹೋದ ಈ ಸೀಮೆಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 'ಅರಮನೆ'ಯೊಳಗೂ ಓಡಾಡುತ್ತಾನೆ. ಬಾಯಿಂದ ಬಾಯಿಗೆ ಹರಿಯುವ ಕಥೆಯ ಲಯ, ಉಸಿರು ಬಿಡಲು ಜಾಗ ಕೊಡದ ವಾಕ್ಯಗಳು, ಇಲ್ಲಿಯವರಿಗೂ ಒಮ್ಮೆ ನಿಂತು ನೆನೆಯಬೇಕೆನಿಸುವ ಮಾತುಗಳು. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸುಮ್ಮನೆ ಬಂದದ್ದಲ್ಲ. ವಾರಕ್ಕೊಂದರಂತೆ 52ರ ಗುರಿ ಹೊತ್ತವನು ಇಂಥ ಕೃತಿಗೆ ಕೊಡಬಹುದಾದದ್ದು ಏಳೇ ದಿನ. ಮೂರನೆಯ ದಿನಕ್ಕೆ ಆತ ವಾಕ್ಯವನ್ನು ಬಿಟ್ಟು ಕಥೆಯನ್ನು ಹುಡುಕತೊಡಗುತ್ತಾನೆ. ಕಥೆ ಸುಲಭಕ್ಕೆ ಕೈಗೆ ಹತ್ತದಾದಾಗ ಅದನ್ನು ಪಕ್ಕಕ್ಕಿಟ್ಟು ತೆಳ್ಳನೆಯದೊಂದನ್ನು ಎತ್ತಿಕೊಳ್ಳುತ್ತಾನೆ. ಇದನ್ನು ಸೋಮಾರಿತನ ಎನ್ನಲಾಗದು, ಎಣಿಕೆಯೇ ಕಲಿಸಿದ ಬುದ್ಧಿ ಇದು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಪೀಸಿಗೆ ಇಷ್ಟು ಎಂದು ಕೂಲಿ ಕಟ್ಟಿದರೆ ಅವರು ಬೇಗ ಮುಗಿಯುವ ಪೀಸಿಗೇ ಕೈಚಾಚುವುದು ಸಹಜ. ಓದನ್ನೂ ಪೀಸಿನ ಲೆಕ್ಕಕ್ಕೆ ತಂದ ಮೇಲೆ ಓದುಗ ಬೇರೇನು ಮಾಡಿಯಾನು?

ಗುಡ್‌ರೀಡ್ಸಿನ ಪರದೆ ನೀವು ನಿಗದಿಗಿಂತ ಎಷ್ಟು ಪುಸ್ತಕ ಹಿಂದಿದ್ದೀರಿ, ಎಷ್ಟು ಮುಂದಿದ್ದೀರಿ ಎಂದು ತೋರಿಸುತ್ತದೆ. ಯಾವ ಪುಟದಲ್ಲಿ ತಡೆದು ನಿಂತಿರಿ, ಏಕೆ ನಿಂತಿರಿ ಎಂಬುದು ಅದರ ಲೆಕ್ಕಕ್ಕೆ ಬಾರದು. ಪುಸ್ತಕ ಬಿಟ್ಟು ಪುಟ ಎಣಿಸಿದರೆ ಸರಿಹೋದೀತು ಎನ್ನುವವರಿದ್ದಾರೆ. ಷಟ್ಪದಿಯ ಪುಟ, ಪತ್ತೇದಾರಿ ಕಾದಂಬರಿಯ ಪುಟ ಎರಡೂ ಒಂದೇ ತೂಕದವು ಎಂದು ಒಪ್ಪುವವರಿಗೆ ಮಾತ್ರ ಅದು ಪರಿಹಾರ.

ಒಂದೇ ಪುಸ್ತಕ ಏನು ಮಾಡಬಲ್ಲದು ಎಂಬುದಕ್ಕೆ ಈ ಸೀಮೆಯವರು ದೂರ ಹೋಗಬೇಕಿಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಕನ್ನಡದ ಬಗ್ಗೆ ಉಪೇಕ್ಷೆಯಲ್ಲಿದ್ದವರು, ಅ.ನ.ಕೃ. ಅವರ 'ಸಂಧ್ಯಾರಾಗ' ಓದಿ ಕನ್ನಡಕ್ಕೆ ಹೊರಳಿದರು. ಆಮೇಲೆ ಅವರು ಬೀchi ಆದದ್ದು, ಅವರ ತಿಂಮ ಎಂಬ ಪಾತ್ರ ಮನೆಮಾತಾದದ್ದು ಎಲ್ಲರಿಗೂ ಗೊತ್ತು. 'ಸಂಧ್ಯಾರಾಗ' ಓದಿದ ವರ್ಷ ಅವರು ಬೇರೆ ಎಷ್ಟು ಓದಿದರು ಎಂದು ಯಾರೂ ಕೇಳಿಲ್ಲ, ಕೇಳುವ ಅಗತ್ಯವೂ ಇಲ್ಲ.

ಈಗ ಶ್ರಾವಣಕ್ಕೆ ಬರುತ್ತೇನೆ. ಈ ಭಾಗದಲ್ಲಿ ಶ್ರಾವಣ ಬಂದರೆ ಮಠದಲ್ಲೋ ಗುಡಿಯಲ್ಲೋ ಪುರಾಣ ಹಚ್ಚುತ್ತಾರೆ. ರಾತ್ರಿ ಊಟ ಮುಗಿಸಿ ಜನ ಸೇರುತ್ತಾರೆ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕೊನೆಯ ದಿನ ಮಂಗಲ. ಯಾವ ಕಾವ್ಯ ಎಂಬುದು ಊರಿಂದ ಊರಿಗೆ ಬೇರೆ. ಚಾಮರಸನ 'ಪ್ರಭುಲಿಂಗಲೀಲೆ'ಯನ್ನೇ ತೆಗೆದುಕೊಳ್ಳೋಣ. ಪ್ರೌಢದೇವರಾಯನ ಕಾಲದಲ್ಲಿ, ಇಲ್ಲಿಂದ ಕೂಗಳತೆಯಷ್ಟೇ ದೂರದ ವಿಜಯನಗರದ ಆಶ್ರಯದಲ್ಲಿ ಹುಟ್ಟಿದ ಕಾವ್ಯ. 25 ಗತಿ, 1111 ಪದ್ಯ. ಮೂವತ್ತು ದಿನಕ್ಕೆ ಹಂಚಿದರೆ ರಾತ್ರಿಗೆ 37 ಪದ್ಯ. ಅಂದರೆ ಇಲ್ಲಿಯೂ ಗುರಿ ಇದೆ, ಗಡುವೂ ಇದೆ. ಗುರಿ, ಗಡುವು ಪರದೇಶದಿಂದ ಬಂದ ರೋಗ ಎಂದು ಬೈಯುವವರು ಇದನ್ನು ಗಮನಿಸಬೇಕು. ಭಾಗವತಕ್ಕೆ ಏಳೇ ದಿನದ ಸಪ್ತಾಹವೂ ನಮ್ಮಲ್ಲಿದೆ. ನನ್ನ ತಕರಾರು ಗಡುವಿನ ಮೇಲಲ್ಲ. ಗಡುವು ಯಾವುದನ್ನು ಕಾಯುತ್ತದೆ ಎಂಬುದು ಪ್ರಶ್ನೆ.

'ಪ್ರಭುಲಿಂಗಲೀಲೆ' ಇರುವುದು ಭಾಮಿನಿ ಷಟ್ಪದಿಯಲ್ಲಿ. ಅದರ ಒಂದು ಪದ್ಯದಲ್ಲಿ 102 ಮಾತ್ರೆಗಳು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು, ಆರನೆಯ ಸಾಲುಗಳು 23ಕ್ಕೆ ಚಾಚಿಕೊಳ್ಳುತ್ತವೆ. ಮೂರನೆಯ ಸಾಲಿನಲ್ಲಿ ಒಂದು ಬಿಡುವು, ಆರನೆಯದರಲ್ಲಿ ನಿಲುಗಡೆ. ಎಷ್ಟೋ ಪದ್ಯಗಳಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಕೇಳುವವರು ಹಿಡಿದುಕೊಂಡು ಕೂರಬೇಕು. ಕಣ್ಣಾಡಿಸಿ ದಾಟಿಹೋಗಲು ಈ ಪದ್ಯ ಬಿಡುವುದಿಲ್ಲ. ಹಾಡುವವರು ಪೂರ್ತಿ ಒಮ್ಮೆ ಹಾಡುತ್ತಾರೆ; ಅರ್ಥ ಹೇಳುವವರು ಮತ್ತೆ ಮೊದಲ ಸಾಲಿಗೆ ಬಂದು ಸಂಧಿ ಬಿಡಿಸಿ, ಸಾಲು ಸಾಲಾಗಿ ಅರ್ಥ ಕೊಟ್ಟು, ಒಂದು ದೃಷ್ಟಾಂತ ಹೇಳುತ್ತಾರೆ; ಕೊನೆಗೆ ಹಾಡುವವರು ಪದ್ಯವನ್ನು ಇಡಿಯಾಗಿ ಇನ್ನೊಮ್ಮೆ ಹಾಡುತ್ತಾರೆ. ಒಂದೇ ಪದ್ಯವನ್ನು ಒಂದೇ ರಾತ್ರಿ ಇಷ್ಟು ಸಲ ಓದುವ ಶಿಸ್ತು ವಿಶ್ವವಿದ್ಯಾಲಯದ ತರಗತಿಯಲ್ಲೂ ಅಪರೂಪ.

ಇದೇ ಕಾವ್ಯದ ಗೋರಕ್ಷನ ಪ್ರಸಂಗ ನೋಡಿ. ವಜ್ರದೇಹದ ಹೆಮ್ಮೆಯ ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣಿಲ್ ಎಂದು ಸದ್ದೇಳುತ್ತದೆ, ಒಂದು ಗೀರೂ ಬೀಳುವುದಿಲ್ಲ. ಅದೇ ಕತ್ತಿಯನ್ನು ಕಾವ್ಯದ ನಾಯಕ ಅಲ್ಲಮನ ಮೇಲೆ ಬೀಸಿದರೆ ಗಾಳಿಯಲ್ಲಿ ಬೀಸಿದಂತೆ ಆಚೆ ಹೋಗುತ್ತದೆ. ಚಿಕ್ಕವರಿಗೆ ಇದು ಬರೀ ಸೋಜಿಗ. ಇನ್ನಷ್ಟು ವಯಸ್ಸಾದ ಮೇಲೆ ಕೇಳಿದವರಿಗೆ ಸದ್ದಿನ ವಿಷಯ ಹೊಳೆಯುತ್ತದೆ: ಸದ್ದಾಗುವ ಮೈ ಇನ್ನೂ ಎದುರು ನಿಂತ ಮೈ, ತಾನಿದ್ದೇನೆ ಎಂದು ಸಾರುವ ಮೈ. ಮುಂದೊಂದು ಶ್ರಾವಣದಲ್ಲಿ ಗಮನ ಕತ್ತಿಯಿಂದ ಗೋರಕ್ಷನ ಕಡೆಗೆ ಹೊರಳುತ್ತದೆ; ವರ್ಷಗಟ್ಟಲೆ ಸಾಧಿಸಿದ ಸಿದ್ಧಿ ಒಂದೇ ಗಳಿಗೆಯಲ್ಲಿ ಹಗುರಾದದ್ದನ್ನು ಕಂಡವನ ಸಂಕಟ ಅರಿವಿಗೆ ಬರುತ್ತದೆ. ಕಾವ್ಯ ಅದೇ, ಪದ್ಯ ಅದೇ. ವಾರ್ಷಿಕ ಪಟ್ಟಿಯಲ್ಲಿ ಇದಕ್ಕೆ ಸಿಗುವ ಬೆಲೆ ಎಷ್ಟು? ಮೊದಲ ಸಲಕ್ಕೆ ಒಂದು. ಮರುಓದನ್ನೂ ಸೇರಿಸುವ ಅವಕಾಶ ಗುಡ್‌ರೀಡ್ಸಿನಲ್ಲಿದೆ ನಿಜ; ಆದರೆ ಹೊಸ ಮುಖಪುಟಗಳನ್ನು ಜೋಡಿಸಿ ತೋರಿಸುವ ಪಟ್ಟಿಯಲ್ಲಿ ಹಳೆಯದನ್ನೇ ಮತ್ತೆ ಓದಿದವನು ಹಿಂದೆ ಬಿದ್ದವನಂತೆಯೇ ಕಾಣುತ್ತಾನೆ.

ಇಲ್ಲಿ ಇಬ್ಬರ ಜತೆ ನನ್ನ ಜಗಳವಿದೆ. ಓದುವವರೇ ಇಲ್ಲದ ಕಾಲದಲ್ಲಿ ಹೇಗಾದರೂ ಓದಲಿ ಬಿಡಿ, ಎಣಿಸಿಕೊಂಡರೆ ನಿಮಗೇನು ಎನ್ನುವವರು ಮೊದಲಿಗರು. ಕೆಲಸ, ಸಂಸಾರ, ಮೊಬೈಲಿನ ನಡುವೆ ಓದು ಬಿಟ್ಟೇಹೋದವರನ್ನು ಮತ್ತೆ ಪುಸ್ತಕದ ಮುಂದೆ ಕೂರಿಸಲು ಮೊದಲ ವರ್ಷ ಒಂದು ಸಂಖ್ಯೆ ನೆರವಾದೀತು. ಅಷ್ಟನ್ನು ಒಪ್ಪುತ್ತೇನೆ. ಎರಡನೆಯ ವರ್ಷವೂ ಸಂಖ್ಯೆಯೇ ಎಬ್ಬಿಸಿ ಕೂರಿಸಬೇಕಾದರೆ ಅಭ್ಯಾಸ ಬೆಳೆದಿಲ್ಲ ಎಂದೇ ಅರ್ಥ.

ಎರಡನೆಯವರು ವಿಮರ್ಶಕರು. ಪುರಾಣ ಭಕ್ತಿ, ಓದಲ್ಲ. ಅಲ್ಲಿ ಕೂತವರು ಕೇಳುಗರು, ಓದುಗರಲ್ಲ ಎನ್ನುತ್ತಾರೆ. ಒಬ್ಬರೇ ಕೂತು ಮೌನವಾಗಿ ಓದುವುದೊಂದೇ ಓದು ಎಂಬ ನಂಬಿಕೆ ಇದರ ಬೆನ್ನಿಗಿದೆ. ಹಾಗಾದರೆ ಗಮಕದಲ್ಲಿ ಬಾಳಿದ ಕುಮಾರವ್ಯಾಸನಿಗೆ ಶತಮಾನಗಳ ಕಾಲ ಓದುಗರೇ ಇರಲಿಲ್ಲವೇ? ಅಕ್ಷರ ಬಾರದ ಹೆಂಗಸೊಬ್ಬಳು ಗೋರಕ್ಷನ ಪ್ರಸಂಗ ಮುಂದೇನಾಯಿತೆಂದು ಬಲ್ಲವಳಾಗಿದ್ದು, ಹೇಳುವವರು ಒಂದು ಪದ್ಯ ಹಾರಿಸಿದರೆ ತಡೆಯಬಲ್ಲವಳಾದರೆ, ಆಕೆ ಆ ಕಾವ್ಯದ ಓದುಗಳೇ. ಪುರಾಣದ ಕೊರತೆಗಳು ಬೇರೆ. ಅರ್ಥ ಹೇಳುವವರ ಮಾತಿಗೆ ಎದುರು ಮಾತು ಹುಟ್ಟುವುದು ಕಡಿಮೆ. ಹೊಸ ಕೃತಿಗೆ ಅಲ್ಲಿ ಜಾಗವಿಲ್ಲ. ಯಾರು ಎಲ್ಲಿ ಕೂರುತ್ತಾರೆ ಎಂಬುದರಲ್ಲಿ ಜಾತಿಯ ನೆರಳಿದೆ. ಇವನ್ನು ಖಂಡಿಸಲಿ, ನಾನೂ ಜತೆಗೆ ನಿಲ್ಲುತ್ತೇನೆ. ಓದೇ ಅಲ್ಲ ಎಂದು ತಳ್ಳಿಹಾಕುವುದು ಮಾತ್ರ ಕುರುಡು.

ಎರಡು ನುಡಿಯ ಬಳ್ಳಾರಿಗೆ ಇನ್ನೊಂದು ಅನುಕೂಲವಿದೆ. ಪಾಲ್ಕುರಿಕೆ ಸೋಮನಾಥನ ತೆಲುಗು 'ಬಸವಪುರಾಣ'ದ ಬೆನ್ನು ಹತ್ತಿ ಭೀಮಕವಿ 1369ರಲ್ಲಿ ಕನ್ನಡದ್ದನ್ನು ಬರೆದ. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಬಲ್ಲವರು ಈ ಊರಿನಲ್ಲಿ ಇಂದಿಗೂ ಸಿಗುತ್ತಾರೆ. ಪಟ್ಟಿಗೆ ಅದು ಎರಡು ಪುಸ್ತಕ. ಓದುವವರಿಗೆ ವರ್ಷಗಳ ಕೆಲಸ.

ಪಟ್ಟಿಯ ವರ್ಷ ಡಿಸೆಂಬರಿಗೆ ಮುಗಿಯುತ್ತದೆ. ಗುರಿ ತಪ್ಪೀತೆಂದು ಓದುಗರು ಓಡತೊಡಗುವ ನವೆಂಬರ್, ಡಿಸೆಂಬರಿನಲ್ಲೇ ತುಂಗಭದ್ರಾ ಕಾಲುವೆ ನೀರಿನ ಸಿರುಗುಪ್ಪದಲ್ಲಿ ಭತ್ತದ ಕೊಯ್ಲು. ಶ್ರಾವಣವೂ ಅಲ್ಲಿ ಬಿಡುವಿನ ಕಾಲವಲ್ಲ, ನಾಟಿಯ ಕಾಲ. ಆದರೂ ಪುರಾಣ ನಡೆಯುತ್ತದೆ, ಏಕೆಂದರೆ ಅದು ಕೇಳುವುದು ರಾತ್ರಿಯ ಒಂದು ಹೊತ್ತನ್ನು, ಪಕ್ಕದಲ್ಲಿ ಕೂರುವ ಜನರನ್ನು. ಇಷ್ಟು ಮುಗಿಸಿದೆ ಎಂಬ ಲೆಕ್ಕವನ್ನಲ್ಲ. ನಾಟಿ ಮುಗಿಸಿ ದಣಿದು ಬಂದವರು ಒಂದು ರಾತ್ರಿ ತಪ್ಪಿಸಿದರೆ ಮರುದಿನ ಪಕ್ಕದವರು ಕಥೆ ತುಂಬಿಕೊಡುತ್ತಾರೆ.

ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಮಕ್ಕಳಿಗೆ ಇಷ್ಟು ಪುಸ್ತಕ ಓದಿದರೆ ಬಹುಮಾನ ಎಂದು ಘೋಷಿಸುವ ಬದಲು, ಮುಂದಿನ ಶ್ರಾವಣದಲ್ಲಿ ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ನಾಲ್ಕು ಜನ ಸೇರಿ 'ಅರಮನೆ'ಯನ್ನು ಪುರಾಣದಂತೆ ಹಚ್ಚಲಿ. ದಿನಕ್ಕೆ ಹತ್ತು ಪುಟ, ಗಟ್ಟಿಯಾಗಿ, ತಿಳಿಯದ ಮಾತು ಬಂದಲ್ಲಿ ನಿಲ್ಲಿಸಿ, ಹಿರಿಯರನ್ನು ಕೇಳಿ. ಎದುರು ಮಾತಾಡುವವರಿಗೂ ಅಲ್ಲಿ ಜಾಗವಿರಲಿ. ತಿಂಗಳಿಗೆ ಮುಗಿಯದಿದ್ದರೆ ಭಾದ್ರಪದಕ್ಕೂ ನಡೆಯಲಿ.