ಕತ್ತಿವರಸೆಯ ಆಟಗಳು: ಅಲಗಿಗೆ ಅಂಜಬೇಕು

ಕತ್ತಿ ಹಿಡಿದು ಓಡಾಡುವ ವಿಡಿಯೋ ಗೇಮ್‌ಗಳಿಗೆ ಬರವಿಲ್ಲ. ಕತ್ತಿವರಸೆಯನ್ನೇ ನಂಬಿದವು ಮಾತ್ರ ಬೆರಳೆಣಿಕೆಯಷ್ಟು. ಬಹುಪಾಲು ಆಟಗಳಲ್ಲಿ ಎದುರಾಳಿಯ ತಲೆಯ ಮೇಲೆ, ಅವನ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವ ಕೆಂಪು ಪಟ್ಟಿ ಇರುತ್ತದೆ. ಎಷ್ಟು ಕೊಚ್ಚಿದರೂ ಆ ಪಟ್ಟಿ ಸವೆಯುತ್ತದೆಯೇ ಹೊರತು ಅವನು ಕುಂಟುವುದೂ ಇಲ್ಲ, ಹಿಂಜರಿಯುವುದೂ ಇಲ್ಲ. ಅಂಥ ಕಡೆ ಕೈಯಲ್ಲಿರುವುದು ಕತ್ತಿಯಾದರೇನು, ದೊಣ್ಣೆಯಾದರೇನು? ಎದುರಿನವನ ಅಲಗನ್ನು ಕಂಡರೆ ಆಟಗಾರನಿಗೆ ಅಂಜಿಕೆ ಹುಟ್ಟಬೇಕು. ಈ ಆಟಗಳನ್ನು ನಾನು ತೂಗುವುದು ಈ ಒಂದೇ ಅಳತೆಯಿಂದ.

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕಲಿತವರಿಗೆ ‘ಪ್ರಿನ್ಸ್ ಆಫ್ ಪರ್ಷಿಯಾ’ ನೆನಪಿರಬೇಕು. ಜೋರ್ಡನ್ ಮೆಕ್ನರ್ ಅದನ್ನು 1989ರಲ್ಲಿ ಆಪಲ್ 2 ಯಂತ್ರಕ್ಕಾಗಿ ಮಾಡಿದ. ಅದರ ಕತ್ತಿಕಾಳಗದ ಚಲನೆಗಳನ್ನು ಎತ್ತಿಕೊಂಡದ್ದು 1938ರ ರಾಬಿನ್‌ಹುಡ್ ಚಿತ್ರದಲ್ಲಿ ಎರಾಲ್ ಫ್ಲಿನ್, ಬೇಸಿಲ್ ರಾಥ್‌ಬೋನ್ ಸೆಣಸುವ ದೃಶ್ಯದಿಂದ. ಕತ್ತಿ ಸಿಗುವ ಮೊದಲೇ ಕಾವಲುಗಾರನ ಎದುರು ನಿಂತರೆ ಒಂದೇ ಏಟಿಗೆ ಸಾವು. ಆದರೆ ಆ ಆಟದ ನಿಜವಾದ ಜಾಣ್ಮೆ ಕೊನೆಯ ಹಂತಗಳಲ್ಲಿದೆ. ಅಲ್ಲಿ ರಾಜಕುಮಾರನಿಗೆ ತನ್ನದೇ ನೆರಳು ಎದುರಾಗುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ತನಗೇ ಬೀಳುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಮುನ್ನಡೆದರೆ ಇಬ್ಬರೂ ಒಂದಾಗುತ್ತಾರೆ. ಯಾವಾಗ ಕತ್ತಿ ಎತ್ತಬಾರದು ಎಂದು ಕಲಿಸಿದ ಆಟಗಳು ಇವತ್ತಿಗೂ ಕಡಿಮೆ.

1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಬುಶಿಡೋ ಬ್ಲೇಡ್’ ಪ್ರಾಣದ ಆ ಪಟ್ಟಿಯನ್ನೇ ಕಿತ್ತೆಸೆಯಿತು. ಸರಿಯಾದ ಜಾಗಕ್ಕೆ ಬಿದ್ದರೆ ಒಂದು ಏಟಿಗೇ ಕಾಳಗ ಮುಗಿಯಿತು. ಕಾಲಿಗೆ ಗಾಯವಾದವನು ನೆಲಕ್ಕೆ ಕುಸಿದೇ ಹೋರಾಡಬೇಕು. ಚಿತ್ರಗಳು ಈಗ ಒರಟಾಗಿ ಕಾಣುತ್ತವೆ, ನಿಜ. ಆದರೂ ಕತ್ತಿಯ ಬಗ್ಗೆ ಅದರಷ್ಟು ಪ್ರಾಮಾಣಿಕವಾದ ಆಟವನ್ನು ನಾನು ಕಂಡಿಲ್ಲ.

ಇನ್ನು ‘ಸೆಕಿರೋ’. ಹಿದೆತಕ ಮಿಯಾಝಾಕಿ ನಿರ್ದೇಶನದಲ್ಲಿ ಫ್ರಮ್‌ಸಾಫ್ಟ್‌ವೇರ್ 2019ರಲ್ಲಿ ತಂದ ಆಟ. ಇಲ್ಲೂ ಪ್ರಾಣದ ಪಟ್ಟಿ ಇದೆ, ಆದರೆ ಕಣ್ಣಿಡಬೇಕಾದದ್ದು ಇನ್ನೊಂದರ ಮೇಲೆ: ಎದುರಾಳಿಯ ನಿಲುವು ಎಷ್ಟು ಅಲುಗಾಡಿದೆ ಎಂದು ತೋರಿಸುವ ಪಟ್ಟಿ. ಅವನ ಏಟು ತಾಗುವ ಕ್ಷಣಕ್ಕೆ ಸರಿಯಾಗಿ ತಡೆದರೆ ಅವನ ನಿಲುವು ಸಡಿಲವಾಗುತ್ತದೆ. ಬಟನ್ ಒತ್ತಿ ಹಿಡಿದು ಸುಮ್ಮನೆ ಕತ್ತಿಯ ಹಿಂದೆ ಅಡಗಿದರೆ ನಮ್ಮದೇ ಕುಸಿಯುತ್ತದೆ. ಅವನು ಮೊನೆಯಿಂದ ತಿವಿಯಲು ಬಂದಾಗ ಹಿಂದೆ ಸರಿಯಬಾರದು. ಮುಂದಕ್ಕೆ ಹೆಜ್ಜೆಯಿಟ್ಟು ಆ ಅಲಗನ್ನೇ ತುಳಿದು ನಿಲ್ಲಬೇಕು. ಹೆದರಿ ಹಿಂದೆ ಓಡಿದವನಿಗೆ ಇಲ್ಲಿ ಉಳಿಗಾಲವಿಲ್ಲ. ಗೆನಿಚಿರೋ ಎಂಬ ಎದುರಾಳಿಯ ಮುಂದೆ ಸೋತು ಸೋತು ನನ್ನ ಕಿವಿ ಮೊದಲು ಕಲಿಯಿತು, ಬೆರಳು ಆಮೇಲೆ. ಉಕ್ಕಿಗೆ ಉಕ್ಕು ತಾಗುವ ಸದ್ದಿನಲ್ಲೇ ಲಯ ಸಿಗುತ್ತದೆ, ಲಯ ಸಿಕ್ಕ ಮೇಲೆ ಅಂಜಿಕೆ ಎಚ್ಚರವಾಗಿ ಮಾರ್ಪಡುತ್ತದೆ.

ದೋಷಗಳೂ ಇವೆ. ಮನುಷ್ಯರ ಬದಲು ಬೃಹತ್ ದೈತ್ಯರು ಬಂದಾಗ ಈ ಸೊಗಸು ಕೆಡುತ್ತದೆ. ಬೆಂಕಿಯ ರಾಕ್ಷಸನೊಂದಿಗೆ ಕತ್ತಿವರಸೆ ಆಡುವುದೆಂತು? ಸುಲಭದ ಹಂತವನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಕೊರತೆ. ಕೈ ಚುರುಕಿಲ್ಲದವರನ್ನು, ದೈಹಿಕ ತೊಂದರೆ ಇರುವವರನ್ನು ಬಾಗಿಲಲ್ಲೇ ನಿಲ್ಲಿಸುವುದನ್ನು ಕಲೆಯ ಹೆಸರಿನಲ್ಲಿ ಒಪ್ಪಲು ನನಗಾಗದು.

1274ರ ಮಂಗೋಲ್ ದಾಳಿಯ ಕಥೆ ಹೇಳುವ ‘ಘೋಸ್ಟ್ ಆಫ್ ತ್ಸುಶಿಮಾ’ (2020) ನೋಡಲು ಬಲು ಚೆಂದ. ಗುರಾಣಿಯವನಿಗೊಂದು ನಿಲುವು, ಈಟಿಯವನಿಗೊಂದು ನಿಲುವು ಎಂಬ ವಿಂಗಡಣೆಯೂ ಹಿಡಿಸುತ್ತದೆ. ಆದರೆ ಮುಂದುವರಿದಂತೆ ಬಾಂಬು, ಎಸೆಯುವ ಚೂರಿಗಳು ಸೇರಿ ಕತ್ತಿ ಹತ್ತರಲ್ಲಿ ಹನ್ನೊಂದಾಗುತ್ತದೆ. 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ನಮ್ಮನ್ನು 1403ರ ಬೊಹೆಮಿಯಾದಲ್ಲಿ ಕತ್ತಿ ಹಿಡಿಯಲೂ ಬಾರದ ಕಮ್ಮಾರನ ಮಗನನ್ನಾಗಿ ಮಾಡುತ್ತದೆ. ಆ ಕಲಿಕೆಯ ಕಷ್ಟ ಅದ್ಭುತವಾಗಿದೆ. ಆದರೆ ಒಮ್ಮೆ ಪ್ರತಿಪಟ್ಟು ಕೈವಶವಾಯಿತೋ, ಕಾದು ತಿರುಗಿ ಹೊಡೆಯುವುದೊಂದೇ ಉಳಿಯುತ್ತದೆ.

ಹೊಸದಾಗಿ ಹುಡುಕುತ್ತಿರುವವರು ತ್ಸುಶಿಮಾದಿಂದ ಶುರುಮಾಡಿ, ಕೈ ಪಳಗಿದ ಮೇಲೆ ಅದರ ಅತಿ ಕಠಿಣ ಹಂತವನ್ನು ಆರಿಸಿಕೊಳ್ಳಿ. ಅಲ್ಲಿ ಎರಡೂ ಕಡೆಯ ಏಟು ನಿಜವಾಗಿ ಕೊಲ್ಲುತ್ತದೆ. ಒಂದೇ ಆಟಕ್ಕೆ ಹಣ, ಸಮಯ ಇರುವವರು ‘ಸೆಕಿರೋ’ ಕೊಳ್ಳಿ. ನಾನು ಆಡಿದ ಕತ್ತಿಯಾಟಗಳಲ್ಲಿ ಅದಕ್ಕೆ ಸಾಟಿಯಿಲ್ಲ.