ಡಿಸೆಂಬರಿನ ಮೇಜು, ಏಪ್ರಿಲಿನ ನೊಣ

ಕ್ಯಾಲೆಂಡರಿನ ಲೆಕ್ಕದಲ್ಲಿ ಟ್ರೌಟ್ ಮೀನುಗಾರರ ವರ್ಷ ಏಪ್ರಿಲ್ 1ಕ್ಕೆ ಶುರು. ನ್ಯೂಯಾರ್ಕ್ ನಗರದಿಂದ ವಾಯವ್ಯಕ್ಕೆ ಎರಡು ಗಂಟೆ ಚಿಲ್ಲರೆ ಕಾರು ಓಡಿಸಿದರೆ ಕ್ಯಾಟ್‌ಸ್ಕಿಲ್ ಬೆಟ್ಟಸಾಲು ಸಿಗುತ್ತದೆ. ಅಲ್ಲಿನ ರಾಸ್ಕೋ ಊರಿನ ಬಳಿ ವಿಲೊವೀಮಾಕ್ ಹೊಳೆ ಬೀವರ್‌ಕಿಲ್ ಹೊಳೆಗೆ ಬಂದು ಸೇರುವ ಮಡುವಿಗೆ ಜಂಕ್ಷನ್ ಪೂಲ್ ಎಂದು ಹೆಸರು. ಏಪ್ರಿಲಿನ ಮೊದಲ ಬೆಳಿಗ್ಗೆ ಆ ಕೊರೆಯುವ ನೀರಿಗಿಳಿದು ಗಾಳ ಬೀಸುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ನಮ್ಮಂಥವರ ಮನೆಗಳಲ್ಲಿ ಮಾತ್ರ ವರ್ಷ ಅದಕ್ಕೂ ಮೂರು ತಿಂಗಳು ಮೊದಲೇ, ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ನಡುವಿನ ರಜೆಯ ವಾರದಲ್ಲಿ ಶುರುವಾಗುತ್ತದೆ. ಹೊರಗೆ ಹಿಮ. ಒಳಗೆ ಊಟದ ಮೇಜಿನ ಅಂಚಿಗೆ ಬಿಗಿದ ಪುಟ್ಟ ಪುಟ್ಟ ವೈಸ್‌ಗಳು, ಅವುಗಳ ಬಾಯಲ್ಲಿ ಒಂದೊಂದು ಕೊಕ್ಕೆ, ಸುತ್ತಮುತ್ತ ಗರಿ, ತುಪ್ಪಳ, ನೂಲು, ಮೇಣ, ಮತ್ತು ಮುಗಿಯದ ಮಾತು.

ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಟ್ರೌಟ್ ಬಹುಪಾಲು ಹೊಳೆಯ ಹುಳುಗಳನ್ನು ತಿಂದು ಬದುಕುವ ಮೀನು. ಆ ಹುಳುಗಳ ಪೈಕಿ ಮುಖ್ಯವಾದದ್ದು ಮೇಫ್ಲೈ: ವರ್ಷವಿಡೀ ಹೊಳೆಯ ತಳದ ಕಲ್ಲುಗಳಲ್ಲಿ ಮರಿಯಾಗಿದ್ದು, ಒಂದು ದಿನ ರೆಕ್ಕೆ ಮೂಡಿಸಿಕೊಂಡು ನೀರಿನ ಮೇಲೆ ಬಂದು, ಒಂದೆರಡು ದಿನದಲ್ಲಿ ಸಂತಾನ ಮುಗಿಸಿ ಸಾಯುವ ಜೀವಿ. ಅದರ ರೂಪವನ್ನು ಕೊಕ್ಕೆಯ ಮೇಲೆ ಗರಿ ನೂಲುಗಳಲ್ಲಿ ಕಟ್ಟುವುದೇ ಫ್ಲೈ ಟೈಯಿಂಗ್. ಹೀಗೆ ಕಟ್ಟಿದ ಫ್ಲೈಗೆ ತೂಕವೇ ಇರುವುದಿಲ್ಲ. ಹಾಗಾಗಿ ದಪ್ಪನೆಯ, ಭಾರದ ದಾರವನ್ನು ಬೀಸಿ ಅದರ ಬಲದಿಂದ ಫ್ಲೈಯನ್ನು ಮೀನಿನ ಮುಂದೆ ಇಳಿಸುತ್ತಾರೆ.

ಅಮೆರಿಕದಲ್ಲಿ ನೀರಿನ ಮೇಲೆ ತೇಲುವ ಡ್ರೈ ಫ್ಲೈಗೆ ನೆಲೆ ಸಿಕ್ಕಿದ್ದು ಇದೇ ಬೆಟ್ಟಗಳಲ್ಲಿ, ಅದರಲ್ಲೂ ಚಳಿಗಾಲದ ಒಂದು ಟಪಾಲಿನಿಂದ. ಕ್ಷಯದಿಂದ ನರಳುತ್ತ, ಕೊನೆಯ ವರ್ಷಗಳನ್ನು ನೆವರ್‌ಸಿಂಕ್ ನದಿಯ ದಂಡೆಯಲ್ಲಿ ಬಹುಮಟ್ಟಿಗೆ ಒಂಟಿಯಾಗಿ ಕಳೆದ ಥಿಯೊಡರ್ ಗಾರ್ಡನ್ ಅವರು ಇಂಗ್ಲೆಂಡಿನ ಫ್ರೆಡರಿಕ್ ಹಾಲ್‌ಫರ್ಡ್ ಅವರಿಗೆ ಕಾಗದ ಬರೆದಿದ್ದರು. 1890ರ ಫೆಬ್ರವರಿಯಲ್ಲಿ ಹಾಲ್‌ಫರ್ಡ್ ಉತ್ತರದ ಜೊತೆಗೆ ತಮ್ಮ ಡ್ರೈ ಫ್ಲೈಗಳ ಮಾದರಿಗಳನ್ನೇ ಕಳಿಸಿಕೊಟ್ಟರು. ಗಾರ್ಡನ್ ಅವನ್ನು ನಕಲು ಮಾಡಿ ಸುಮ್ಮನಾಗಲಿಲ್ಲ ಎಂಬುದೇ ಅವರ ದೊಡ್ಡತನ. ಇಂಗ್ಲೆಂಡಿನ ಸೀಮೆಸುಣ್ಣದ ನೆಲದ ಹೊಳೆಗಳು ನಯವಾಗಿ, ನಿಧಾನವಾಗಿ ಹರಿಯುತ್ತವೆ. ಕ್ಯಾಟ್‌ಸ್ಕಿಲ್ ಹೊಳೆಗಳು ಬಂಡೆಗಳಿಗೆ ಬಡಿದು ನೊರೆಗಟ್ಟಿ ಓಡುತ್ತವೆ. ಇಲ್ಲಿನ ಹುಳುಗಳೇ ಬೇರೆ. ಆದ್ದರಿಂದ ಅವರು ಹುಂಜದ ಕುತ್ತಿಗೆಯ ಬಿರುಸಾದ ಹ್ಯಾಕಲ್ ಗರಿಯನ್ನು ಮಿತವಾಗಿ ಸುತ್ತಿ, ಮೈಯನ್ನು ಸಣಕಲಾಗಿಟ್ಟು, ರಭಸದ ನೀರಿನಲ್ಲೂ ಮುಳುಗದ ಫ್ಲೈ ಕಟ್ಟಿದರು. ಅದೇ ಕ್ವಿಲ್ ಗಾರ್ಡನ್. 1915ರಲ್ಲಿ ಅವರು ತೀರಿಕೊಂಡರು. ಅವರು ಗಾಳ ಬೀಸಿದ ನೆವರ್‌ಸಿಂಕ್‌ನ ಒಳ್ಳೆಯ ಪಾತ್ರ ಈಗ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುವ ಜಲಾಶಯದಡಿ ಇದೆ.

ರಜೆಯ ಕೂಟದಲ್ಲಿ ಮೊದಲು ಕಟ್ಟುವುದು ಕ್ವಿಲ್ ಗಾರ್ಡನ್ನೇ ಆಗಬೇಕು ಎಂಬುದು ನನ್ನ ಹಟ. ಇದರ ಮೈ ನವಿಲುಗರಿಯಿಂದ ಬರುತ್ತದೆ. ಕಣ್ಣಿನ ಭಾಗದ ಒಂದು ಎಳೆ ತೆಗೆದುಕೊಂಡು, ಅದರ ಮೇಲಿನ ಹೊಳೆಯುವ ಹಸಿರು ನವಿರನ್ನು ಉಗುರಿನಿಂದಲೋ ಪೆನ್ಸಿಲ್ ರಬ್ಬರಿನಿಂದಲೋ ಮೆಲ್ಲಗೆ ಉಜ್ಜಿ ತೆಗೆಯಬೇಕು. ಬಣ್ಣವೆಲ್ಲ ಹೋದ ಮೇಲೆ ಉಳಿಯುವ ದಂಟನ್ನು ನೋಡಿ: ಒಂದು ಅಂಚು ಕಂದು, ಇನ್ನೊಂದು ಅಂಚು ತಿಳಿ ಕೆನೆಬಣ್ಣ. ಅದನ್ನು ಕೊಂಚ ಹೊತ್ತು ನೀರಿನಲ್ಲಿ ನೆನೆಹಾಕಿ, ಕೊಕ್ಕೆಯ ಬಾಲದ ಕಡೆಯಿಂದ ಸುತ್ತು ಸುತ್ತಿಗೆ ತಾಗುವಂತೆ ಸುತ್ತುತ್ತ ಬಂದರೆ ಕಂದು, ಕೆನೆಬಣ್ಣದ ಪಟ್ಟಿಗಳು ತಾವಾಗಿ ಮೂಡುತ್ತವೆ. ಮೇಫ್ಲೈಯ ಹೊಟ್ಟೆಯಲ್ಲಿ ಇರುವ ಪಟ್ಟಿಗಳೂ ಹೀಗೇ. ಅತಿ ಸುಂದರವಾದ ಗರಿಯ ಸೌಂದರ್ಯವನ್ನೆಲ್ಲ ಉಜ್ಜಿ ಹಾಕಿದ ಮೇಲೆ ಕೆಲಸಕ್ಕೆ ಬರುವ ಭಾಗ ಸಿಗುತ್ತದೆ. ಪ್ರತಿ ಸಲ ಇದನ್ನು ಮಾಡುವಾಗಲೂ ನನಗೆ ಮೈ ಜುಂ ಎನ್ನುತ್ತದೆ. ದಂಟು ಬಲು ನಾಜೂಕು, ಮೀನಿನ ಹಲ್ಲು ತಾಗಿದರೆ ತುಂಡು. ಅದಕ್ಕೇ ಮೇಲೆ ಕೂದಲಿನಷ್ಟು ತೆಳುವಾದ ತಂತಿಯನ್ನು ಅಡ್ಡಲಾಗಿ ಸುತ್ತುತ್ತಾರೆ, ಇಲ್ಲವೇ ವಾರ್ನಿಷ್ ಬಳಿಯುತ್ತಾರೆ.

ರೆಕ್ಕೆಗೆ ವುಡ್ ಡಕ್ ಎಂಬ ಬಾತುಕೋಳಿಯ ಪಕ್ಕೆಯ ನಿಂಬೆ ಬಣ್ಣದ ಗರಿ. ಈ ಹಕ್ಕಿ ಬೇಟೆಗೆ ಸಿಕ್ಕಿ ಅಳಿವಿನ ಅಂಚಿಗೆ ಬಂದಾಗ 1918ರಲ್ಲಿ ಅದರ ಬೇಟೆಯನ್ನೇ ನಿಲ್ಲಿಸಿದ್ದರು. ಎರಡು ದಶಕ ದಾಟಿದ ಮೇಲೆ ಸಂಖ್ಯೆ ಚೇತರಿಸಿಕೊಂಡಿತು. ರೆಕ್ಕೆಯ ಮುಂದೆ ಕೊಕ್ಕೆಯ ಕಣ್ಣಿಗೆ ಸೇರುವ ಮೊದಲು ಚೂರು ಜಾಗ ಬೋಳಾಗಿ ಬಿಡುವುದು ಕ್ಯಾಟ್‌ಸ್ಕಿಲ್ ಶೈಲಿಯ ಗುರುತು. ಹೊಸಬರು ಅಲ್ಲೇ ನೂಲು ತುಂಬಿಬಿಡುತ್ತಾರೆ. ನಮ್ಮ ಮೇಜಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು "ಎರಡು ಸುತ್ತು ಕಡಿಮೆ ಮಾಡಿ" ಎಂಬುದು. ಕೊಡುಬಳೆ, ಚಕ್ಕುಲಿ ಬೇರೆ ಮೇಜಿನ ಮೇಲಿರಬೇಕು ಎಂಬುದೂ ಅಷ್ಟೇ ಕಟ್ಟುನಿಟ್ಟು. ಎಣ್ಣೆಗೈ ತಾಗಿದ ತುಪ್ಪಳ ಮೇಣ ಸವರಿದ ನೂಲಿಗೆ ಹತ್ತುವುದಿಲ್ಲ.

ಕೈ ಕೆಲಸಕ್ಕೆ ಕುದುರಿದ ಮೇಲೆ ಮಾತು ಹುಂಜಗಳ ಕಡೆ ತಿರುಗುತ್ತದೆ. ಡ್ರೈ ಫ್ಲೈ ತೇಲುವುದು ಅದರ ಹ್ಯಾಕಲ್ ಗರಿಯ ನೂರಾರು ಮೊನೆಗಳು ನೀರಿನ ಪೊರೆಯನ್ನು ಚುಚ್ಚದೆ ಅದರ ಮೇಲೆ ನಿಲ್ಲುವುದರಿಂದ. ಇದಕ್ಕೆ ಹುಂಜದ ಕುತ್ತಿಗೆಯ ಬಿರುಸು ಗರಿಯೇ ಬೇಕು, ಕ್ವಿಲ್ ಗಾರ್ಡನ್‌ಗಾದರೆ ಬಣ್ಣವೂ ಮೋಡದಂಥ ಬೂದು ಆಗಿರಬೇಕು. ಇಂಥ 'ಡನ್' ಬಣ್ಣದ ಹುಂಜ ಸಿಗುವುದು ಅಪರೂಪ, ಏಕೆಂದರೆ ಆ ಬಣ್ಣ ತಳಿಯಲ್ಲಿ ನಿಲ್ಲುವುದಿಲ್ಲ. ಬೂದುನೀಲಿ ಹುಂಜಕ್ಕೆ ಬೂದುನೀಲಿ ಹೇಂಟೆಯನ್ನೇ ಕೂಡಿಸಿದರೂ ಮರಿಗಳಲ್ಲಿ ಸರಾಸರಿ ಅರ್ಧ ಮಾತ್ರ ಆ ಬಣ್ಣದವು. ಕಾಲು ಭಾಗ ಕಪ್ಪು, ಕಾಲು ಭಾಗ ಮಚ್ಚೆಯ ಬಿಳಿ. ರಾಸ್ಕೋ ಸುತ್ತಿನ ಹ್ಯಾರಿ ಡಾರ್ಬಿ ಮತ್ತು ಎಲ್ಸಿ ಡಾರ್ಬಿ ದಂಪತಿ ಈ ಗರಿಗಾಗಿಯೇ ದಶಕಗಟ್ಟಲೆ ಕೋಳಿ ಸಾಕಿದರು. ಅಲ್ಲಿಂದ ಮೊಟ್ಟೆಗಳು ಮಿನ್ನೆಸೋಟದ ಆಂಡಿ ಮೈನರ್ ಎಂಬವರ ಕೈಸೇರಿದವು. ಅವರು ಬೆಳೆಸಿದ ತಳಿಯ ವಂಶ ಇವತ್ತಿನ ದೊಡ್ಡ ಫಾರಂಗಳಲ್ಲಿ ಇದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸಿಗುವ ಡನ್ ಹ್ಯಾಕಲ್ ಹಿಂದೆ ಈ ದಂಪತಿ ಇದ್ದಾರೆ ಎಂಬುದನ್ನು ಪ್ರತಿ ವರ್ಷ ಹೇಳಬೇಕು, ಹೊಸಬರು ಇದ್ದಾಗಲಂತೂ ಹೇಳಲೇಬೇಕು. 2011ರಲ್ಲಿ ಹುಂಜದ ಉದ್ದ ಗರಿಗಳನ್ನು ಹೆಣ್ಣುಮಕ್ಕಳು ತಲೆಗೂದಲಿಗೆ ಕಟ್ಟಿಕೊಳ್ಳುವ ಫ್ಯಾಶನ್ ಎದ್ದು, ಫ್ಲೈ ಕಟ್ಟುವವರಿಗೆ ಗರಿಯೇ ಸಿಗದಂತಾದದ್ದನ್ನು ನೆನೆದು ಹಳಬರು ಈಗಲೂ ನಿಟ್ಟುಸಿರು ಬಿಡುತ್ತಾರೆ.

ಈ ಸಲ ಮೇಜಿನ ಮೇಲೆ ಇನ್ನೊಂದು ಗರಿಯೂ ಇತ್ತು. ಸಾಲ್ಮನ್ ಫ್ಲೈ ಕಟ್ಟುವ ಹಿರಿಯರೊಬ್ಬರು ಹಳೆಯ ಸಿಗಾರ್ ಡಬ್ಬಿಯಿಂದ ತೆಗೆದರು. ಕಪ್ಪು ಗರಿ, ತುದಿಯಲ್ಲಿ ಅರಗಿನ ಹನಿ ಬಿದ್ದಂತೆ ಹಳದಿ ಮಿಶ್ರಿತ ಬಿಳಿ ಚುಕ್ಕೆ. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ನಮ್ಮಲ್ಲಿದ್ದಾನೆ, ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸ. ಅವನು ಗರಿಯನ್ನು ದೀಪಕ್ಕೆ ಹಿಡಿದು ನನ್ನ ಕಡೆ ತಿರುಗಿದ.

"ಸರ್, ಇದು ನಮ್ಮ ಕಾಡುಕೋಳೀದಲ್ವಾ?"

"ಹೌದಪ್ಪಾ, ಅದೇ."

"ಬೆಳಿಗ್ಗೆ ತೋಟದ ಮೇಲ್ಗಡೆ ಕಾಡಲ್ಲಿ ಕೂಗ್ತಿತ್ತು ಸರ್. ಇಲ್ಲಿಗೆ ಹೇಗೆ ಬಂತು?"

ಒಳ್ಳೆಯ ಪ್ರಶ್ನೆ. ಬೂದು ಕಾಡುಕೋಳಿ ದಕ್ಷಿಣ ಭಾರತ ಮತ್ತು ಅದರ ನೆರೆಯ ಕಾಡುಗಳನ್ನು ಬಿಟ್ಟರೆ ಲೋಕದ ಬೇರೆಲ್ಲೂ ಸಹಜವಾಗಿ ಇಲ್ಲ. ಅದರ ಹುಂಜದ ಕುತ್ತಿಗೆಯ ಗರಿ ವಿಕ್ಟೋರಿಯಾ ರಾಣಿಯ ಕಾಲದ ಸಾಲ್ಮನ್ ಫ್ಲೈಗಳ ಕೆನ್ನೆಗೆ ಕಣ್ಣಿನಂತೆ ಇರಲೇಬೇಕು ಎಂದು ಬ್ರಿಟಿಷರು ಪಟ್ಟು ಹಿಡಿದರು. ನಮ್ಮ ಘಟ್ಟದ ಹಕ್ಕಿಯ ತೊಗಲು ಹಡಗು ಹತ್ತಿ ಹೋಗಿದ್ದಕ್ಕೆ ಲೆಕ್ಕವಿಲ್ಲ. 1960ರ ದಶಕದ ಕೊನೆಗೆ ಭಾರತ ಸರ್ಕಾರ ಆ ಗರಿಯ ರಫ್ತನ್ನು ನಿಷೇಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೂ ಕಡಿವಾಣ ಹಾಕಿತು. ಈಗ ಕಾನೂನುಬದ್ಧವಾಗಿ ಮಾರುವ ಗರಿ ಬಹಳ ಹಿಂದೆಯೇ ಹೊರಗೆ ಹೋದ ಹಕ್ಕಿಗಳ ಸಾಕಿದ ಸಂತತಿಯದ್ದು. ನಿಷೇಧ ಸರಿಯಾಗಿಯೇ ಇದೆ, ಅದನ್ನು ಸಡಿಲಿಸಿ ಎಂದು ಗೊಣಗುವ ಗೆಳೆಯರೊಡನೆ ನಾನು ಪ್ರತಿ ವರ್ಷ ಜಗಳವಾಡುತ್ತೇನೆ. ಕೆನ್ನೆಯ ಆ ಗರಿ ಇಲ್ಲದ ಫ್ಲೈಗೂ ಸಾಲ್ಮನ್ ಬಾಯಿ ಹಾಕುತ್ತದೆ.

ಗರಿಯ ಮೋಹ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 2009ರ ಟ್ರಿಂಗ್ ಪ್ರಕರಣ ಸಾಕ್ಷಿ. ಲಂಡನ್ನಿನಲ್ಲಿ ಕೊಳಲು ಕಲಿಯುತ್ತಿದ್ದ ಅಮೆರಿಕದ ಎಡ್ವಿನ್ ರಿಸ್ಟ್, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನ ಟ್ರಿಂಗ್ ಶಾಖೆಗೆ ಕನ್ನ ಹಾಕಿ 299 ಹಕ್ಕಿಗಳ ತೊಗಲು ಕದ್ದ. ಅವುಗಳಲ್ಲಿ ಆಲ್‌ಫ್ರೆಡ್ ರಸೆಲ್ ವಾಲೆಸ್ ಸಂಗ್ರಹಿಸಿದ್ದ ಸ್ವರ್ಗಪಕ್ಷಿಗಳೂ ಇದ್ದವು. ಕೊಂಡವರು ನಮ್ಮಂಥ ಹವ್ಯಾಸಿಗಳೇ. ಕೆಲವು ಮರಳಿ ಸಿಕ್ಕರೂ ಹಲವಕ್ಕೆ ಎಲ್ಲಿ, ಯಾವಾಗ ಹಿಡಿದದ್ದು ಎಂಬ ಚೀಟಿ ಇರಲಿಲ್ಲ. ಚೀಟಿ ಇಲ್ಲದ ಮೇಲೆ ವಿಜ್ಞಾನಕ್ಕೆ ಅವು ಸತ್ತ ಹಕ್ಕಿಗಳಷ್ಟೇ. ಕಿರ್ಕ್ ವಾಲೆಸ್ ಜಾನ್ಸನ್ 2018ರಲ್ಲಿ ಇದರ ಬಗ್ಗೆ ಪುಸ್ತಕ ಬರೆದರು. ಫ್ಲೈ ಕಟ್ಟುವ ಪ್ರತಿಯೊಬ್ಬರೂ ಅದನ್ನು ಓದಬೇಕು. ಓದಿ ಕೋಪ ಬರಬೇಕು.

ಇದಕ್ಕೆ ಎದುರಾಗಿ ನಾನು ಇಡುವ ಕತೆ ಡೆಟ್ಟೆ ದಂಪತಿಯದ್ದು. 1920ರ ದಶಕದ ಕೊನೆಯಲ್ಲಿ ವಾಲ್ಟ್ ಡೆಟ್ಟೆ, ಹೆಂಡತಿಯಾಗಲಿದ್ದ ವಿನ್ನಿ ಮತ್ತು ಗೆಳೆಯ ಹ್ಯಾರಿ ಡಾರ್ಬಿ ಫ್ಲೈ ಕಟ್ಟುವುದನ್ನು ಕಲಿಯಬೇಕೆಂದು ಹೊರಟರು. ಆಗ ಆ ಸೀಮೆಯಲ್ಲಿ ದೊಡ್ಡ ಹೆಸರು ರೂಬ್ ಕ್ರಾಸ್ ಅವರದ್ದು. ಅವರು ಹೇಳಿಕೊಡಲು ಒಪ್ಪಲಿಲ್ಲ. ಇವರು ಏನು ಮಾಡಿದರು ಗೊತ್ತೇ? ಕ್ರಾಸ್ ಕಟ್ಟಿದ ಫ್ಲೈಗಳನ್ನೇ ದುಡ್ಡು ಕೊಟ್ಟು ತಂದು, ಒಂದೊಂದು ಸುತ್ತು ನೂಲು ಬಿಚ್ಚುತ್ತ, ಯಾವುದರ ಮೇಲೆ ಯಾವುದು ಕೂತಿದೆ ಎಂದು ನೋಡಿ ಕಲಿತರು. ಮುಂದೆ ಡೆಟ್ಟೆ, ಡಾರ್ಬಿ ಮನೆಗಳೆರಡೂ ಕ್ಯಾಟ್‌ಸ್ಕಿಲ್ ಫ್ಲೈಗೆ ಹೆಸರಾದವು, ಅಲ್ಲಿಗೆ ಬಂದವರು ಎದುರು ಕುಳಿತು ಕಲಿಯಬಹುದಿತ್ತು. ಈ ಕಲೆ ಉಳಿದದ್ದು ಕೈ ಬಿಚ್ಚಿ ತೋರಿಸಿದವರಿಂದ. ಗುಟ್ಟು ಮಾಡಿದವರು ಒಳ್ಳೆಯ ಫ್ಲೈ ಕಟ್ಟಿದರು, ಆದರೆ ಅವರ ಬೆರಳಿನ ಅಂದಾಜು ಅವರೊಂದಿಗೇ ಹೋಗುತ್ತಿತ್ತು. ಅದಕ್ಕೇ ನಮ್ಮ ಕೂಟಕ್ಕೆ ಹೊಸದಾಗಿ ಬಂದವರಿಗೆ ಮೊದಲು ಒಂದು ಒಳ್ಳೆಯ ಫ್ಲೈಯನ್ನೂ ಬ್ಲೇಡನ್ನೂ ಕೊಡುತ್ತೇವೆ. ಬಿಚ್ಚಿ ನೋಡಲಿ. ವಿಡಿಯೊ ನೋಡಿ ಬಂದವರಿಗೆ ಇದು ಬೇಸರದ ಕೆಲಸ ಅನ್ನಿಸುತ್ತದೆ, ಆದರೆ ನೂಲು ಎಷ್ಟು ಬಿಗಿ ಇರಬೇಕು ಎಂಬುದನ್ನು ಪರದೆ ಹೇಳುವುದಿಲ್ಲ. ಹೆಸರಾಂತ ಫ್ಲೈ ಮೀನುಗಾರ ಲೀ ವುಲ್ಫ್ ಅವರಂತೂ ವೈಸೇ ಇಲ್ಲದೆ, ಕೊಕ್ಕೆಯನ್ನು ಬೆರಳಲ್ಲಿ ಹಿಡಿದು ಕಟ್ಟುತ್ತಿದ್ದರು. ಬೆರಳಿಗೆ ಅಷ್ಟು ತಿಳಿವಳಿಕೆ ಬರುವುದು ಸಾಧ್ಯ ಎಂದು ಗೊತ್ತಿದ್ದರೆ ಸಾಕು.

ಹೊಸ ವರ್ಷದ ದಿನ ಹೊಳೆಗೆ ಹೋಗಬೇಕೇ ಎಂಬ ಚರ್ಚೆ ಈಚಿನದು. 2022ರ ಏಪ್ರಿಲ್‌ನಿಂದ ನ್ಯೂಯಾರ್ಕ್ ರಾಜ್ಯದ ಹೊಳೆಗಳಲ್ಲಿ ಚಳಿಗಾಲದಲ್ಲೂ, ಕೃತಕ ಗಾಳ ಮಾತ್ರ ಬಳಸಿ ಹಿಡಿದು ಬಿಡುವ ಷರತ್ತಿನ ಮೇಲೆ, ಟ್ರೌಟ್ ಹಿಡಿಯಬಹುದು. ಹುಡುಗರಿಗೆ ಖುಷಿ. ನಾನು ತಡೆಯುವವನಲ್ಲ, ಆದರೆ ಎರಡು ಮಾತು ಹೇಳದೆ ಬಿಡುವುದೂ ಇಲ್ಲ. ಬ್ರೌನ್ ಟ್ರೌಟ್, ಬ್ರೂಕ್ ಟ್ರೌಟ್‌ಗಳು ಮೊಟ್ಟೆ ಇಡುವುದು ಶರತ್ಕಾಲದಲ್ಲಿ. ಹೆಣ್ಣು ಮೀನು ಬಾಲದಿಂದ ಜಲ್ಲಿಯನ್ನು ಕೆದರಿ ಗುಂಡಿ ಮಾಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಡಿಸೆಂಬರ್, ಜನವರಿಯಲ್ಲಿ ಆ ಮೊಟ್ಟೆಗಳು ಜಲ್ಲಿಯಡಿಯೇ ಇರುತ್ತವೆ. ಪಾಚಿ ಇಲ್ಲದೆ ತೊಳೆದಂತೆ ಕಾಣುವ ತಿಳಿ ಬಣ್ಣದ ಜಲ್ಲಿ ಕಂಡರೆ ಅದರ ಮೇಲೆ ಕಾಲಿಡಬೇಡಿ. ಇನ್ನೊಂದು: ಗಾಳಿ ಸೊನ್ನೆ ಡಿಗ್ರಿಗಿಂತ ಕೆಳಗಿದ್ದಾಗ ಮೀನನ್ನು ಫೋಟೊಗೆಂದು ನೀರಿನಿಂದ ಎತ್ತಬೇಡಿ, ಒದ್ದೆ ಕಿವಿರು ಕ್ಷಣದಲ್ಲಿ ಹೆಪ್ಪುಗಟ್ಟಬಹುದು. ಕೊಕ್ಕೆಯನ್ನು ನೀರಿನಲ್ಲೇ ಬಿಡಿಸಿ ಕಳಿಸಿ.

ಉಳಿದ ಸಂಜೆಯೆಲ್ಲ ಏಪ್ರಿಲಿನ ಲೆಕ್ಕಾಚಾರ. ಹೊಳೆಯ ನೀರು ಸುಮಾರು 10 ಡಿಗ್ರಿಗೆ ಏರುವ ಹೊತ್ತಿಗೆ ಕ್ವಿಲ್ ಗಾರ್ಡನ್ ಹುಳು ಮಧ್ಯಾಹ್ನದ ಬಿಸಿಲಲ್ಲಿ ಏಳುತ್ತದೆ. ಅದರ ಬೆನ್ನಿಗೇ, ತಿಂಗಳ ಕೊನೆಯ ಹೊತ್ತಿಗೆ ಹೆಂಡ್ರಿಕ್‌ಸನ್. ಇದರ ಫ್ಲೈಯನ್ನು 1916ರಲ್ಲಿ ಕಟ್ಟಿದವರು ಗಾರ್ಡನ್ ಅವರ ಶಿಷ್ಯ ರಾಯ್ ಸ್ಟೀನ್‌ರಾಡ್, ಮೈಗೆ ನರಿಯ ಹೊಟ್ಟೆಯ ತುಪ್ಪಳ ಸುತ್ತಿ. ಹೆಂಡ್ರಿಕ್‌ಸನ್ ಬಗ್ಗೆ ಯಾರದೂ ತಕರಾರಿಲ್ಲ. ಕ್ವಿಲ್ ಗಾರ್ಡನ್ ಬಗ್ಗೆ ಮಾತ್ರ ಮೇಜು ಎರಡು ಪಾಲಾಗುತ್ತದೆ. ಬೇರೆ ಬಹುಪಾಲು ಮೇಫ್ಲೈಗಳು ಮೇಲೆ ಬಂದು ಪೊರೆ ಕಳಚಿದರೆ, ಈ ಹುಳು ಹೊಳೆಯ ತಳದಲ್ಲೇ ಪೊರೆ ಕಳಚಿ, ರೆಕ್ಕೆ ಸಮೇತ ನೀರಿನೊಳಗಿನಿಂದ ಮೇಲೇರುತ್ತದೆ. ಹಾಗಾದರೆ ಟ್ರೌಟ್ ಅದನ್ನು ನೀರಿನೊಳಗೇ ತಿನ್ನುತ್ತದಲ್ಲ, ಮುಳುಗುವ ವೆಟ್ ಫ್ಲೈ ಕಟ್ಟದೆ ತೇಲುವುದನ್ನೇ ಯಾಕೆ ಕಟ್ಟುತ್ತೀರಿ ಎಂದು ಒಂದು ಕಡೆಯವರ ವಾದ. ಗಾರ್ಡನ್ ತೇಲಿಸಿದ್ದನ್ನು ಮುಳುಗಿಸುವುದು ಹೇಗೆ ಎಂದು ಇನ್ನೊಂದು ಕಡೆಯವರ ಸಂಕಟ. ನಾನು ಮೊದಲಿನವರ ಪಕ್ಷ. ಏಪ್ರಿಲಿನ ತಣ್ಣನೆ ನೀರಿನಲ್ಲಿ ಮೇಲಕ್ಕೇಳಲು ಮೀನಿಗೆ ಮನಸ್ಸು ಕಡಿಮೆ, ಕೆಳಗೆ ಸಿಗುವುದನ್ನು ಅದು ಬಿಡುವುದಿಲ್ಲ. ಹಾಗಾಗಿ ಈ ವಾರ ಅದೇ ನವಿಲುಗರಿಯ ದಂಟಿಗೆ ಹುಂಜದ ಬದಲು ಹೇಂಟೆಯ ಮೆದು ಗರಿ ಸುತ್ತಿ, 14ನೇ ನಂಬರಿನ ಕೊಕ್ಕೆಗಳಲ್ಲಿ ಮುಳುಗುವ ಕ್ವಿಲ್ ಗಾರ್ಡನ್ ಕಟ್ಟುತ್ತಿದ್ದೇನೆ. ತೀರ್ಥಹಳ್ಳಿ ಹುಡುಗ ಎದುರು ಪಕ್ಷ. ಅವನ ವೈಸ್‌ನಲ್ಲಿ ತೇಲುವುದೇ ಇದೆ, ಮತ್ತು ಅವನ ರೆಕ್ಕೆ ನನ್ನದಕ್ಕಿಂತ ನೆಟ್ಟಗೆ ನಿಂತಿದೆ.