ರದ್ದಿಯೊಳಗಿನ ಕಾರ್ಖಾನೆ

ಹಳೆಯ ಕಾರ್ಖಾನೆಗಳನ್ನು ಓದುವ ಹುಚ್ಚು ಹತ್ತಿದವರಿಗೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಗೋಕಾಕ ಫಾಲ್ಸೇ ಮೊದಲ ಪಾಠ. 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿ ಎದ್ದದ್ದು ಘಟಪ್ರಭೆ ಧುಮುಕುವ ರಭಸವನ್ನು ನೆಚ್ಚಿಕೊಂಡು. ಕಾಗದದ ಕಾರ್ಖಾನೆಯ ಲೆಕ್ಕವೇ ಬೇರೆ. ಅದಕ್ಕೆ ನೀರು ಧುಮುಕಬೇಕಿಲ್ಲ, ಹರಿದರೆ ಸಾಕು. ಆದರೆ ಬೇಸಿಗೆಯಲ್ಲೂ ಹರಿಯಬೇಕು. ಹಳೆಯ ಪದ್ಧತಿಯ ಕಾರ್ಖಾನೆ ಒಂದು ಟನ್ ಕಾಗದಕ್ಕೆ ಸುಮಾರು 2 ಲಕ್ಷ ಲೀಟರ್ ನೀರು ಕುಡಿಯುತ್ತಿತ್ತು. ಬಿದಿರು ಬೇಯಿಸಲು, ತೊಳೆಯಲು, ಬಿಳುಪುಗೊಳಿಸಲು, ಕಡೆಗೆ ನಾರನ್ನು ತೆಳ್ಳಗೆ ತೇಲಿಸಿ ಜಾಲರಿಯ ಮೇಲೆ ಹರವಲು, ಎಲ್ಲಕ್ಕೂ ನೀರೇ. ಹಾಗಾಗಿ ಅಂಥ ಕಾರ್ಖಾನೆಯನ್ನು ಗೇಟಿನ ಕಡೆಯಿಂದ ಓದಬಾರದು, ಹೊಳೆಯ ದಂಡೆಯಿಂದ ಓದಬೇಕು: ನೀರೆತ್ತುವ ಪಂಪ್‌ಹೌಸ್ ಮೇಲೆಲ್ಲಿ, ಕೊಳಕು ನೀರು ಬಿಡುವ ಕಾಲುವೆ ಕೆಳಗೆಲ್ಲಿ ಎಂಬುದರಿಂದ ಶುರುಮಾಡಬೇಕು.

ಕರ್ನಾಟಕದಲ್ಲಿ ಹೀಗೆ ಓದಲು ತಕ್ಕ ದೊಡ್ಡ ಪುಸ್ತಕವೆಂದರೆ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಎಲ್ಲರ ಬಾಯಲ್ಲಿ ಎಂಪಿಎಂ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಭದ್ರಾ ನದಿಯ ದಡದ ಊರಿನಲ್ಲಿ ಹುಟ್ಟಿತು. ಕಬ್ಬಿಣದ ಕಾರ್ಖಾನೆ ಅಲ್ಲಿ ಮೊದಲೇ ಬೇರೂರಿತ್ತು, ಸುತ್ತ ಬಿದಿರಿನ ಕಾಡು. 1977ರಲ್ಲಿ ಸರಕಾರಿ ಕಂಪನಿಯಾಯಿತು, 1981ರಲ್ಲಿ ನ್ಯೂಸ್‌ಪ್ರಿಂಟ್ ತೆಗೆಯತೊಡಗಿತು, 2015ರಲ್ಲಿ ಯಂತ್ರಗಳು ನಿಂತವು. ಪೇಪರ್ ಟೌನ್ ಎಂಬ ಬಡಾವಣೆಯ ಹೆಸರು ಮಾತ್ರ ಇನ್ನೂ ಕೆಲಸದ ಮೇಲಿದೆ.

ನಮ್ಮ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಭೂವರಾಹ ನರಸಿಂಹ ಗುಡಿಯ ಒಂದು ಕಲ್ಲು ಕದಲಿಸಿದರೂ ಜನ ಕೇಳುತ್ತಾರೆ. ನಿಂತ ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ಡೈಜೆಸ್ಟರನ್ನು ಗ್ಯಾಸ್ ಕಟರಿನಿಂದ ಹೋಳು ಮಾಡಿದರೆ ಕೇಳುವವರಿಲ್ಲ. ಕೇಂದ್ರದ 1958ರ ಪುರಾತನ ಸ್ಮಾರಕಗಳ ಕಾಯ್ದೆಯ ಪ್ರಕಾರ ಸ್ಮಾರಕ ಎನಿಸಿಕೊಳ್ಳಲು 100 ವರ್ಷ ತುಂಬಿರಬೇಕು. ಎಂಪಿಎಂಗೆ ಅದು ತುಂಬುವುದು 2036ಕ್ಕೆ. ಗುಜರಿಯವರು ಅಷ್ಟು ಕಾಯುವ ಪೈಕಿಯಲ್ಲ.

ಆದರೆ ಕಾಗದದ ಕಾರ್ಖಾನೆ ಕಾಂಪೌಂಡಿನೊಳಗೆ ಮುಗಿಯುವುದಿಲ್ಲ ಎಂಬುದು ನನ್ನ ವಾದ. ಅದರ ಅತಿ ದೊಡ್ಡ ಅವಶೇಷ ಮಲೆನಾಡಿನಲ್ಲಿ ಇನ್ನೂ ಬೆಳೆಯುತ್ತಿದೆ. ಬಿದಿರು ಸಾಲದಾದಾಗ ಅಕೇಶಿಯಾ, ನೀಲಗಿರಿ ನೆಡಲು ಸುಮಾರು 30 ಸಾವಿರ ಹೆಕ್ಟೇರ್ ಅರಣ್ಯಭೂಮಿಯನ್ನು ಕಂಪನಿಗೆ ಗೇಣಿಗೆ ಕೊಡಲಾಯಿತು. ಆ ಗೇಣಿ ಮುಗಿದದ್ದು 2020ರಲ್ಲಿ, ಕಾರ್ಖಾನೆ ನಿಂತು ಐದು ವರ್ಷವಾದ ಮೇಲೆ. ಆದರೂ ಅದೇ ವರ್ಷ ಸರಕಾರ ಅದನ್ನು ಇನ್ನೂ 40 ವರ್ಷಕ್ಕೆ ಮುಂದುವರಿಸಿತು, ಉಣ್ಣುವವನು ಹೋದ ಮೇಲೂ ಎಲೆ ಹಾಕುತ್ತಲೇ ಇದ್ದ ಹಾಗೆ. ನಮ್ಮೂರಿಗೆ ಅಕೇಶಿಯಾ ಮರ ಬೇಡ ಎಂದು ಶಿವಮೊಗ್ಗ ಜಿಲ್ಲೆಯ ಜನ ಹೋರಾಟಕ್ಕಿಳಿದರು. ಉಣ್ಣುವವನು ಹೋದ ಮೇಲೂ ಎಲೆ ಹಾಕುತ್ತಲೇ ಇದ್ದ ಹಾಗೆ.

ಇನ್ನೊಂದು ಅವಶೇಷಕ್ಕೆ ಭದ್ರಾವತಿಗೂ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಸಾಂಬ್ರಾದಂಥ ಊರಿನಲ್ಲೂ ಯಾರದೋ ಅಟ್ಟದ ಮೇಲೆ, ಟ್ರಂಕಿನ ತಳಕ್ಕೆ ಹಾಸಿದ ಹಳೆಯ ಕನ್ನಡ ಪತ್ರಿಕೆಯಲ್ಲಿ ಅದು ಸಿಕ್ಕೀತು. ನ್ಯೂಸ್‌ಪ್ರಿಂಟ್‌ನಲ್ಲಿ ಮರವನ್ನು ಅರೆದ ತಿರುಳು ಹೆಚ್ಚು, ಮರದ ಲಿಗ್ನಿನ್ ಎಂಬ ಅಂಟು ಹಾಗೇ ಉಳಿದಿರುತ್ತದೆ. ಬಿಸಿಲು ತಾಗಿದರೆ ಹಳದಿಯಾಗುವುದು ಅದಕ್ಕೇ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಲಸಿದ ಫ್ಲೋರೋಗ್ಲೂಸಿನಾಲ್ ಒಂದು ಹನಿ ಬಿಟ್ಟರೆ ಆ ಕಾಗದ ಕೆಂಪೇರುತ್ತದೆ. ಅಂಚಿನ ಚೂರೊಂದನ್ನು ನೀರಲ್ಲಿ ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಾಡೇ ಬಯಲಾಗುತ್ತದೆ. ಹೊರದೇಶದ ಸ್ಪ್ರೂಸ್ ಮರದ ನಾರು ಮೂರು ಮಿಲಿಮೀಟರಿನಷ್ಟು ಉದ್ದ, ಅದರಲ್ಲಿ ಕೊಳವೆಕೋಶಗಳಿಲ್ಲ. ನೀಲಗಿರಿಯ ನಾರು ಒಂದು ಮಿಲಿಮೀಟರೂ ದಾಟದು, ನಡುವೆ ಡೋಲಿನಾಕಾರದ ಅಗಲ ಕೊಳವೆಕೋಶಗಳು ಕಾಣುತ್ತವೆ. ಬಿದಿರಿನದು ಇವೆರಡರ ನಡುವಿನ ಅಳತೆ.

ನೀಲಗಿರಿ ಕಂಡ ಕೂಡಲೇ ಭದ್ರಾವತಿ ಎಂದು ಬರೆದುಕೊಳ್ಳುವ ಆತುರ ಮಾತ್ರ ಬೇಡ. ಕೇರಳದ ವೆಲ್ಲೂರಿನ ನ್ಯೂಸ್‌ಪ್ರಿಂಟ್ ಕಾರ್ಖಾನೆಯೂ 1980ರ ದಶಕದಲ್ಲಿ ಅದೇ ಮರ ಅರೆಯುತ್ತಿತ್ತು. ಗುರುತು ಖಚಿತವಾಗಲು ಪತ್ರಿಕಾ ಕಚೇರಿಗಳ ಕಾಗದ ಖರೀದಿಯ ಲೆಡ್ಜರು ಬೇಕು, ಮತ್ತು ಆ ಲೆಡ್ಜರುಗಳೇ ಮೊದಲು ರದ್ದಿಗೆ ಹೋಗುವುದು.

ಪುರಾತತ್ವದವರಿಗೆ ಸಿಗುವ ಮಡಕೆಯ ಚೂರಿನ ಮೇಲೆ ತಾರೀಕು ಇರುವುದಿಲ್ಲ. ಪತ್ರಿಕೆಯಲ್ಲಾದರೆ ಪ್ರತಿ ಹಾಳೆಯ ನೆತ್ತಿಯ ಮೇಲೆ ದಿನ, ವಾರ, ಇಸವಿ ಅಚ್ಚಾಗಿದೆ. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗಗಳಲ್ಲಿ ಸೂಕ್ಷ್ಮದರ್ಶಕಗಳು ಇವೆ, ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ಬೈಂಡು ಸಂಪುಟಗಳಿವೆ. ಒಂದೇ ಪತ್ರಿಕೆಯ 1975ರಿಂದ 2015ರವರೆಗಿನ ಸಂಪುಟಗಳಲ್ಲಿ, ಗ್ರಂಥಪಾಲಕರ ಒಪ್ಪಿಗೆ ಪಡೆದು, ವರ್ಷಕ್ಕೊಂದು ಅಂಚಿನ ಎಳೆ ತೆಗೆದು ಸ್ಲೈಡ್ ಮಾಡಿಟ್ಟರೆ ಸ್ಪ್ರೂಸ್ ಯಾವ ವರ್ಷ ಸರಿದು ನೀಲಗಿರಿ ಬಂತು, ಮತ್ತೆ ಯಾವಾಗ ಹೋಯಿತು ಎಂಬುದು ಸಾಲಾಗಿ ಕಾಣುತ್ತದೆ. ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬರ ಪ್ರಾಜೆಕ್ಟಿಗೆ ಇಷ್ಟು ಧಾರಾಳ ಸಾಕು.